ಮೂರು ತೂತುಗಳ ಚಿತ್ರವನ್ನು ನಂಬಿ ರೈಫಲ್ ಕೊಳ್ಳಬೇಡಿ

ನಮಸ್ಕಾರ. ಬೋಲ್ಟ್-ಆ್ಯಕ್ಷನ್ ರೈಫಲ್ (ಪ್ರತಿ ಗುಂಡಿಗೂ ಬೋಲ್ಟ್ ಎಂಬ ಸರಳನ್ನು ಕೈಯಿಂದ ಹಿಂದೆ ಮುಂದೆ ಆಡಿಸಬೇಕಾದ ಬಂದೂಕು) ಒಂದರ ವಿಮರ್ಶೆಯಲ್ಲಿ ಬಹುತೇಕ ಎಲ್ಲರೂ ಮೊದಲು ತೋರಿಸುವುದು, ಕಾಗದದ ಮೇಲೆ ಒಂದಕ್ಕೊಂದು ಅಂಟಿಕೊಂಡಂತೆ ಬಿದ್ದಿರುವ ಮೂರು ತೂತುಗಳನ್ನು. ಆ ಚಿತ್ರ ನೋಡಿದವರು ಇದು ಬೇಟೆಗೂ ಆಗುತ್ತದೆ, ದೂರದ ಗುರಿಗೂ ಆಗುತ್ತದೆ ಎಂದು ತೀರ್ಮಾನಿಸಿಬಿಡುತ್ತಾರೆ. ಆ ತೀರ್ಮಾನಕ್ಕೆ ಆಧಾರವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾನೂನು ಅನುಮತಿಸುವ ಕಡೆ ಬೇಟೆಗೆ ಹೋಗುವವನಿಗೆ ಮುಖ್ಯವಾದದ್ದು ತಣ್ಣಗಿರುವ ಬ್ಯಾರೆಲ್‌ನಿಂದ ಹೊರಡುವ ಮೊದಲನೆಯ ಗುಂಡು. ದೂರದ ಗುರಿಗೆ ಹೊಡೆಯುವವನಿಗೆ ಮುಖ್ಯವಾದದ್ದು ಬ್ಯಾರೆಲ್ ಕಾದ ಮೇಲೆ ಹೊರಡುವ ಇಪ್ಪತ್ತನೆಯ ಗುಂಡು. ಒಂದೇ ರೈಫಲ್ ಎರಡೂ ಕೆಲಸ ಮಾಡಬೇಕೆಂದು ನಾವು ಕೇಳುವುದಾದರೆ, ಈ ಎರಡು ಗುಂಡುಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಮೂರು ತೂತುಗಳ ಚಿತ್ರ ಇವೆರಡರಲ್ಲಿ ಯಾವುದಕ್ಕೂ ಉತ್ತರ ಕೊಡುವುದಿಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. ನಿಖರತೆಯನ್ನು ಅಳೆಯಲು ಬಳಸುವ ಎಂಒಎ (ಮಿನಿಟ್ ಆಫ್ ಆ್ಯಂಗಲ್) ಎಂಬುದು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. 100 ಮೀಟರ್ ದೂರದಲ್ಲಿ ಅದು ಸುಮಾರು 2.9 ಸೆಂಟಿಮೀಟರ್ ಆಗುತ್ತದೆ. ಗುಂಡುಗಳು ಗುರಿಯ ಸುತ್ತ ಚೆದುರುವುದು ಸಂಭವನೀಯತೆಯ ನಿಯಮಕ್ಕೆ ಒಳಪಟ್ಟ ಸಂಗತಿಯಾದ್ದರಿಂದ, ಹೆಚ್ಚು ಗುಂಡು ಹಾರಿಸಿದಷ್ಟೂ ಅತಿ ದೂರದ ಎರಡು ತೂತುಗಳ ನಡುವಿನ ಅಂತರ ಹಿಗ್ಗುತ್ತಲೇ ಹೋಗುತ್ತದೆ. ಅದೇ ರೈಫಲ್, ಅದೇ ಕಾಡತೂಸು, ಅದೇ ಕೈ ಇದ್ದರೂ ಹತ್ತು ಗುಂಡುಗಳ ಗುಂಪು ಮೂರು ಗುಂಡುಗಳ ಗುಂಪಿಗಿಂತ ಸರಾಸರಿ ಒಂದೂವರೆ ಪಟ್ಟಿಗೂ ಸ್ವಲ್ಪ ಹೆಚ್ಚು ದೊಡ್ಡದಾಗಿರುತ್ತದೆ. ಆದ್ದರಿಂದ ‘ಅರ್ಧ ಎಂಒಎ ರೈಫಲ್’ ಎಂದು ಮೂರು ಗುಂಡುಗಳ ಬಲದ ಮೇಲೆ ಹೇಳುವವರು ಸುಳ್ಳು ಹೇಳುತ್ತಿಲ್ಲದಿರಬಹುದು, ಆದರೆ ಅವರು ಹೇಳುತ್ತಿರುವುದು ಆ ರೈಫಲ್‌ನ ಗುಣವನ್ನಲ್ಲ, ಒಂದು ಒಳ್ಳೆಯ ಗಳಿಗೆಯನ್ನು. ಹಲವು ಗುಂಪುಗಳನ್ನು ಹೊಡೆದು ಅವುಗಳಲ್ಲಿ ಚಿಕ್ಕದನ್ನು ಮಾತ್ರ ತೋರಿಸುವ ಅಭ್ಯಾಸವಂತೂ ಕೊಳ್ಳುವವರಿಗೆ ಮಾಡುವ ಅನ್ಯಾಯ. ಹತ್ತು ಗುಂಡುಗಳ ಗುಂಪನ್ನು ಒಂದಕ್ಕಿಂತ ಹೆಚ್ಚು ಬಾರಿ ಹೊಡೆದು, ಹೊಡೆದದ್ದನ್ನೆಲ್ಲ ತೋರಿಸಿದರೆ ಮಾತ್ರ ಆ ಅಂಕಿಗೆ ಬೆಲೆ.

ಇನ್ನು ಆ ಅಂಕಿ ಎಷ್ಟಿರಬೇಕು ಎಂಬುದು ಕೆಲಸವನ್ನು ಅವಲಂಬಿಸಿದೆ. ಸಾಧಾರಣ ಗಾತ್ರದ ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗ ಸುಮಾರು 20 ಸೆಂಟಿಮೀಟರ್ ಅಗಲವಿರುತ್ತದೆ. ಒಂದೂವರೆ ಎಂಒಎ ಚೆದುರುವಿಕೆ 300 ಮೀಟರ್‌ನಲ್ಲಿ ಸುಮಾರು 13 ಸೆಂಟಿಮೀಟರ್. ಅಂದರೆ ಸಾಧಾರಣವೆನಿಸುವ ರೈಫಲ್ ಕೂಡ ಆ ದೂರದವರೆಗೆ ತನ್ನ ಕರ್ತವ್ಯವನ್ನು ಮಾಡಬಲ್ಲದು. ಸ್ಪರ್ಧೆಯ ಗುರಿಗೆ ಇಷ್ಟು ಔದಾರ್ಯವಿಲ್ಲ. ಮಲಗಿ ದೂರದ ಗುರಿಗೆ ಹೊಡೆಯುವ ಅಮೆರಿಕದ ಎಫ್-ಕ್ಲಾಸ್ ಸ್ಪರ್ಧೆಗಳಲ್ಲಿ ಸಾವಿರ ಗಜ, ಅಂದರೆ 914 ಮೀಟರ್ ದೂರದಲ್ಲಿ ಇಡುವ ಗುರಿಯ ಹತ್ತು ಅಂಕದ ವೃತ್ತದ ವ್ಯಾಸ ಸುಮಾರು 25 ಸೆಂಟಿಮೀಟರ್; ಅದು ಒಂದು ಎಂಒಎಗೂ ತುಸು ಚಿಕ್ಕದು. ಅಲ್ಲಿ ಗಾಳಿಯನ್ನು ತಪ್ಪಾಗಿ ಅಂದಾಜಿಸಲು ಗುರಿಕಾರನಿಗೆ ಒಂದಿಷ್ಟು ಜಾಗ ಉಳಿಯಬೇಕಾದರೆ ರೈಫಲ್ ಅರ್ಧ ಎಂಒಎ ಆಸುಪಾಸಿನಲ್ಲಿ ನಿಜವಾಗಿಯೂ ಹೊಡೆಯಬೇಕು.

ಹತ್ತಿರದ ಗುಂಪು ಮುಚ್ಚಿಡುವ ಇನ್ನೊಂದು ಸಂಗತಿಯಿದೆ, ಗುಂಡುಗಳ ವೇಗದ ಏರಿಳಿತ. ಒಂದು ಗುಂಡಿಗೂ ಇನ್ನೊಂದಕ್ಕೂ ಸೆಕೆಂಡಿಗೆ 10 ಮೀಟರ್‌ನಷ್ಟು ವ್ಯತ್ಯಾಸವಿದ್ದರೆ 100 ಮೀಟರ್‌ನಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಸಾವಿರ ಗಜದಲ್ಲಿ 6.5 ಕ್ರೀಡ್‌ಮೋರ್‌ನಂತಹ ಕಾಡತೂಸಿನಲ್ಲಿಯೂ ಎರಡು ತೂತುಗಳು 20 ಸೆಂಟಿಮೀಟರ್‌ಗಿಂತ ಹೆಚ್ಚು ಮೇಲೆ ಕೆಳಗಾಗಿ ಬೀಳುತ್ತವೆ. ಹಾಗಾಗಿ ದೂರದ ಗುರಿಗೆಂದು ರೈಫಲ್ ನೋಡುವವರು ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಉಪಕರಣ) ಇಟ್ಟುಕೊಂಡೇ ಪರೀಕ್ಷಿಸಬೇಕು. ಇಲ್ಲವಾದರೆ ಕನಿಷ್ಠ 600 ಮೀಟರ್‌ನಲ್ಲಿ ಹೊಡೆದು ಗುಂಪಿನ ಎತ್ತರವನ್ನು ಅಗಲದಿಂದ ಬೇರ್ಪಡಿಸಿ ನೋಡಬೇಕು.

ಮೊದಲನೆಯ ಗುಂಡಿನ ಪರೀಕ್ಷೆಗೆ ಬೇಕಾಗುವುದು ತಾಳ್ಮೆ. ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಹವೆಯಲ್ಲಿ, ಪ್ರತಿ ಬಾರಿಯೂ ತಣ್ಣಗಿರುವ ಬ್ಯಾರೆಲ್‌ನಿಂದ ಒಂದೇ ಒಂದು ಗುಂಡನ್ನು ಅದೇ ಕಾಗದಕ್ಕೆ ಹೊಡೆದು, ಆ ಕಾಗದವನ್ನು ಮಡಚಿ ಇಟ್ಟುಕೊಳ್ಳಬೇಕು. ಹೀಗೆ ಹತ್ತು ತೂತುಗಳಾದ ಮೇಲೆ ಆ ಕಾಗದ ಹೇಳುವಷ್ಟನ್ನು ಬೇರೆ ಯಾವ ಪರೀಕ್ಷೆಯೂ ಹೇಳಲಾರದು. ಚೊಕ್ಕಮಾಡಿ ಎಣ್ಣೆ ಸವರಿದ ಬ್ಯಾರೆಲ್‌ನ ಮೊದಲ ಗುಂಡು ಹಲವು ರೈಫಲ್‌ಗಳಲ್ಲಿ ಉಳಿದವುಗಳಿಗಿಂತ ಪಕ್ಕಕ್ಕೆ ಬೀಳುತ್ತದೆ. ಅದು ಪ್ರತಿಸಲ ಒಂದೇ ಕಡೆಗೆ ಬೀಳುವುದಾದರೆ ಬೇಟೆಗೆ ಮುನ್ನ ಒಂದೆರಡು ಗುಂಡು ಹಾರಿಸಿ ಬ್ಯಾರೆಲ್ಲನ್ನು ಚೊಕ್ಕಮಾಡದೆ ಹಾಗೆಯೇ ಬಿಡಬಹುದು. ಒಂದು ದಿನ ಎಡಕ್ಕೆ, ಇನ್ನೊಂದು ದಿನ ಮೇಲಕ್ಕೆ ಬೀಳುವುದಾದರೆ ಆ ರೈಫಲ್ ಎಷ್ಟೇ ಚೆಂದದ ಗುಂಪು ಹೊಡೆದರೂ ಒಂದು ಜೀವಿಯ ಮುಂದೆ ಎತ್ತಿ ಹಿಡಿಯಲು ಯೋಗ್ಯವಲ್ಲ.

ಇಪ್ಪತ್ತನೆಯ ಗುಂಡಿನ ವಿಷಯ ಬಂದಾಗ ಬ್ಯಾರೆಲ್‌ನ ದಪ್ಪವೇ ಪ್ರಧಾನ. ಉದ್ದ ಅಷ್ಟೇ ಇದ್ದರೆ ಬ್ಯಾರೆಲ್‌ನ ಬಿಗುವು ಸ್ಥೂಲವಾಗಿ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಶೇಕಡ 10ರಷ್ಟು ದಪ್ಪ ಹೆಚ್ಚಿಸಿದರೆ ಬಿಗುವು ಶೇಕಡ 46ರಷ್ಟು ಹೆಚ್ಚುತ್ತದೆ. ದಪ್ಪ ಬ್ಯಾರೆಲ್ ನಿಧಾನವಾಗಿ ಕಾಯುತ್ತದೆ, ಕಾದ ಮೇಲೂ ತನ್ನ ದಿಕ್ಕನ್ನು ಬದಲಿಸುವುದು ಕಡಿಮೆ. ತೆಳುವಾದ ಬೇಟೆಯ ಬ್ಯಾರೆಲ್ ಐದಾರು ಗುಂಡುಗಳ ನಂತರ ಮೆಲ್ಲಗೆ ಒಂದು ಕಡೆಗೆ ಸರಿಯತೊಡಗಿದರೆ ಅದನ್ನು ದೋಷವೆಂದು ಕರೆಯಬಾರದು, ಏಕೆಂದರೆ ಅದನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತುವವನಿಗಾಗಿ ಮಾಡಲಾಗಿದೆ. ಆದರೆ ಅದನ್ನೇ ‘ಎರಡಕ್ಕೂ ಸೈ’ ಎಂದು ಮಾರುವುದು ದೋಷ.

ಸ್ಟಾಕ್, ಅಂದರೆ ಬ್ಯಾರೆಲ್ಲನ್ನು ಹೊತ್ತು ಹೆಗಲಿಗೆ ಆನುವ ಚೌಕಟ್ಟಿನ ಕುರಿತು ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದನ್ನು ಹೇಳುತ್ತೇನೆ. ರೈಫಲ್ ಖಾಲಿಯಿದೆಯೆಂದು ಚೇಂಬರನ್ನು (ಕಾಡತೂಸು ಕೂರುವ ಗೂಡನ್ನು) ಕಣ್ಣಿಂದಲೂ ಬೆರಳಿಂದಲೂ ಖಚಿತಪಡಿಸಿಕೊಂಡ ಮೇಲೆ, ಒಂದು ಕಾಗದದ ಪಟ್ಟಿಯನ್ನು ಬ್ಯಾರೆಲ್ ಮತ್ತು ಸ್ಟಾಕ್ ನಡುವೆ ತುದಿಯಿಂದ ಒಳಕ್ಕೆ ಎಳೆದುಕೊಂಡು ಹೋಗಿ. ಅದು ಎಲ್ಲಿಯೂ ತಡೆಯದೆ ಬೋಲ್ಟ್ ಕೂರುವ ರಿಸೀವರ್ ಬಳಿಯವರೆಗೆ ಸಾಗಿದರೆ ಬ್ಯಾರೆಲ್ ಸ್ಟಾಕಿಗೆ ತಗುಲದೆ ನಿಂತಿದೆ ಎಂದರ್ಥ. ಅಷ್ಟಕ್ಕೇ ನಿಲ್ಲಬೇಡಿ. ಕಾಗದ ಅಲ್ಲಿಯೇ ಇರುವಂತೆ ಸ್ಟಾಕ್‌ನ ಮುಂಭಾಗವನ್ನು ಬ್ಯಾರೆಲ್ ಕಡೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಮತ್ತೆ ಎಳೆಯಿರಿ. ಅಗ್ಗದ ಪ್ಲಾಸ್ಟಿಕ್ ಸ್ಟಾಕ್‌ಗಳು ಆ ಒತ್ತಡಕ್ಕೇ ಬಾಗಿ ಬ್ಯಾರೆಲ್ಲಿಗೆ ತಾಗಿ ಕಾಗದವನ್ನು ಕಚ್ಚಿಬಿಡುತ್ತವೆ. ಬೈಪಾಡ್ (ಎರಡು ಕಾಲಿನ ಆಸರೆ) ಮೇಲೆ ಭಾರ ಹಾಕಿದಾಗ, ರೈಫಲ್‌ನ ಹೆಗಲಪಟ್ಟಿಯನ್ನು ತೋಳಿಗೆ ಬಿಗಿದಾಗ ಆಗುವುದೂ ಇದೇ. ಬೆಂಚಿನ ಮೇಲೆ ಒಳ್ಳೆಯ ಗುಂಪು ಹೊಡೆದ ರೈಫಲ್ ಬಯಲಿನಲ್ಲಿ ಬೇರೆಡೆಗೆ ಹೊಡೆಯುವುದಕ್ಕೆ ಇದೂ ಒಂದು ಸಾಮಾನ್ಯ ಕಾರಣ. ಒಳ್ಳೆಯ ಬ್ಯಾರೆಲ್ಲಿಗೆ ದುರ್ಬಲ ಸ್ಟಾಕ್ ತೊಡಿಸಿ ಬೆಲೆ ಇಳಿಸುವ ಪದ್ಧತಿ ಈಗ ಎಲ್ಲೆಡೆ ಕಾಣುತ್ತಿದೆ, ಇದು ನನಗೆ ಒಪ್ಪಿಗೆಯಿಲ್ಲದ ಉಳಿತಾಯ.

ಆ್ಯಕ್ಷನ್, ಅಂದರೆ ಕಾಡತೂಸನ್ನು ತುಂಬಿ ಮುಚ್ಚುವ ಯಂತ್ರಭಾಗದ ವಿಷಯದಲ್ಲಿ ನಾವು ಇಂದಿಗೂ 1898ರ ಮೌಸರ್ ವಿನ್ಯಾಸದ ನೆರಳಿನಲ್ಲಿಯೇ ಇದ್ದೇವೆ. ಬೋಲ್ಟ್‌ನ ಮುಂತುದಿಯಲ್ಲಿ ಎರಡು ಲಗ್‌ಗಳು (ಬೋಲ್ಟನ್ನು ಬಿಗಿಯಾಗಿ ಸಿಕ್ಕಿಸುವ ಉಬ್ಬುಗಳು), ಹಿಂದೆ ಸುರಕ್ಷತೆಗೆ ಮೂರನೆಯದು, ಮತ್ತು ಮ್ಯಾಗಜೀನಿನಿಂದ ಮೇಲೇಳುತ್ತಿದ್ದಂತೆಯೇ ಕಾಡತೂಸಿನ ಅಂಚನ್ನು ಹಿಡಿದುಕೊಳ್ಳುವ ಉದ್ದನೆಯ ಉಗುರು. 1936ರಲ್ಲಿ ಬಂದ ವಿಂಚೆಸ್ಟರ್ ಮಾದರಿ 70 ಇದೇ ಉಗುರನ್ನು ಇಟ್ಟುಕೊಂಡಿತ್ತು; 1964ರಲ್ಲಿ ಸಂಸ್ಥೆ ತಯಾರಿಕೆಯ ಖರ್ಚು ತಗ್ಗಿಸಲು ಅದನ್ನು ಕೈಬಿಟ್ಟಾಗ ಬಳಕೆದಾರರು ಎಷ್ಟು ಬೇಸರಗೊಂಡರೆಂದರೆ, ಅದಕ್ಕಿಂತ ಹಿಂದಿನ ರೈಫಲ್‌ಗಳಿಗೆ ಇಂದಿಗೂ ಹೆಚ್ಚಿನ ಬೆಲೆಯಿದೆ. 1962ರ ರೆಮಿಂಗ್ಟನ್ ಮಾದರಿ 700 ಕಾಡತೂಸನ್ನು ಹಿಡಿಯದೆ ಮುಂದಕ್ಕೆ ತಳ್ಳುವ ಸರಳ ಕ್ರಮವನ್ನು ಅನುಸರಿಸಿತು, ಮತ್ತು ಇಂದಿನ ನಿಖರ ರೈಫಲ್‌ಗಳಲ್ಲಿ ಬಹುಪಾಲು ಅದೇ ದಾರಿಯಲ್ಲಿವೆ. ದೊಡ್ಡ, ಅಪಾಯಕಾರಿ ಪ್ರಾಣಿಯ ಬೇಟೆಯನ್ನು ಬಿಟ್ಟರೆ, ಹಿಡಿಯುವುದು ಮೇಲೋ ತಳ್ಳುವುದು ಮೇಲೋ ಎಂಬ ವಾದಕ್ಕೆ ನಾನು ಹೆಚ್ಚು ಮಹತ್ವ ಕೊಡುವುದಿಲ್ಲ. ಶೂಟಿಂಗ್ ರೇಂಜಿನಲ್ಲಿ ಮ್ಯಾಗಜೀನನ್ನು ಪೂರ್ತಿ ತುಂಬಿಸಿ, ಬೋಲ್ಟ್ ಅನ್ನು ಒಮ್ಮೆ ಮೆಲ್ಲಗೆ, ಒಮ್ಮೆ ರಭಸದಿಂದ ಆಡಿಸಿ, ಕೊನೆಯ ಕಾಡತೂಸೂ ತೊಡಕಿಲ್ಲದೆ ಚೇಂಬರ್ ಸೇರುತ್ತದೆಯೇ ಎಂದು ನೋಡುವುದು ಆ ವಾದಕ್ಕಿಂತ ಉಪಯುಕ್ತ. ಬೋಲ್ಟ್ ಹಿಡಿ ಎಷ್ಟು ಮೇಲೇಳುತ್ತದೆ ಎಂಬುದನ್ನೂ ಗಮನಿಸಿ: ಮೌಸರ್ ಮಾದರಿಯಲ್ಲಿ ಅದು 90 ಡಿಗ್ರಿ, ಮೂರು ಲಗ್‌ಗಳಿರುವವುಗಳಲ್ಲಿ ಸಾಮಾನ್ಯವಾಗಿ 60 ಡಿಗ್ರಿ. ಕಡಿಮೆ ಕೋನದಲ್ಲಿ ಸ್ಕೋಪಿನ ಕೆಳಗೆ ಬೆರಳಿಗೆ ಜಾಗ ಹೆಚ್ಚು, ಆದರೆ ಅಷ್ಟೇ ಸ್ಪ್ರಿಂಗನ್ನು ಕಡಿಮೆ ತಿರುವಿನಲ್ಲಿ ಬಿಗಿಯಬೇಕಾದ್ದರಿಂದ ಎತ್ತುವಾಗ ಕೈಗೆ ಬಿಗಿಯೆನಿಸುತ್ತದೆ, ಮತ್ತು ಮರಳಿನ ಚೀಲದ ಮೇಲಿಟ್ಟ ರೈಫಲ್ ಅಲುಗಿ ಗುರಿ ತಪ್ಪಬಹುದು.

ಟ್ರಿಗರ್ ಕುರಿತು ನನ್ನ ನಿಲುವು ಕಟ್ಟುನಿಟ್ಟಾದದ್ದು. ಬೇಟೆಯ ರೈಫಲ್‌ಗೆ ಸುಮಾರು 1.2ರಿಂದ 1.6 ಕಿಲೋಗ್ರಾಂ ಎಳೆತ ಸಾಕು. ಕೈಗವಸು ತೊಟ್ಟ, ಚಳಿಗೆ ಮರಗಟ್ಟಿದ ಬೆರಳಿಗೆ ಅದಕ್ಕಿಂತ ಹಗುರವಾದದ್ದು ಅಪಾಯ. ಗುರಿಯ ರೈಫಲ್‌ನಲ್ಲಿ ಅದರ ಅರ್ಧವೂ ಒಪ್ಪಬಹುದು. ಆದರೆ ಎಳೆತದ ತೂಕಕ್ಕಿಂತ ಮೊದಲು ಸುರಕ್ಷತೆಯನ್ನು ನೋಡಿ. 2014ರಲ್ಲಿ ರೆಮಿಂಗ್ಟನ್ ಸಂಸ್ಥೆಯು ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಹೊಂದಿದ್ದ ಮಾದರಿ 700 ರೈಫಲ್‌ಗಳನ್ನು ವಾಪಸು ಕರೆಸಿಕೊಂಡದ್ದು, ಜೋಡಣೆಯ ವೇಳೆ ಹೆಚ್ಚಾಗಿ ಸೇರಿದ ಅಂಟಿನಿಂದ ಅವು ತಾವಾಗಿಯೇ ಹಾರುವ ಸಾಧ್ಯತೆ ಇದ್ದುದರಿಂದ. ಹೆಸರುವಾಸಿ ರೈಫಲ್‌ನಲ್ಲಿಯೇ ಇದು ಆಗಬಹುದಾದರೆ ಯಾವುದನ್ನೂ ಕುರುಡಾಗಿ ನಂಬಬಾರದು. ಖಾಲಿ ರೈಫಲ್‌ನಲ್ಲಿ ಬೋಲ್ಟ್ ಅನ್ನು ಜೋರಾಗಿ ಮುಚ್ಚಿ, ಸೇಫ್ಟಿ ಹಾಕಿ ಟ್ರಿಗರ್ ಎಳೆದು ಬಿಟ್ಟು ಬಳಿಕ ಸೇಫ್ಟಿ ತೆಗೆದು, ಸ್ಟಾಕ್‌ನ ಹಿಂತುದಿಯನ್ನು ರಬ್ಬರಿನ ಮೇಲೆ ಕುಟ್ಟಿ ನೋಡಿ. ಇವುಗಳಲ್ಲಿ ಒಂದಕ್ಕಾದರೂ ಫೈರಿಂಗ್ ಪಿನ್ ತಾನಾಗಿ ಬಿದ್ದರೆ ಆ ರೈಫಲ್‌ನ ಮಿಕ್ಕ ಯಾವ ಗುಣವೂ ಲೆಕ್ಕಕ್ಕೆ ಬಾರದು.

ಈಗ ಕಾಡತೂಸಿನ ಆಯ್ಕೆ. 1952ರಲ್ಲಿ ಬಂದ .308 ವಿಂಚೆಸ್ಟರ್ ಎಲ್ಲೆಡೆ ಸಿಗುತ್ತದೆ, ಅದರ ಬ್ಯಾರೆಲ್ ಐದು ಸಾವಿರ ಗುಂಡುಗಳ ತನಕ ಬಾಳುತ್ತದೆಂಬುದು ಬಳಕೆದಾರರ ಸಾಮಾನ್ಯ ಅನುಭವ. 2007ರಲ್ಲಿ ಹಾರ್ನಡಿ ಸಂಸ್ಥೆ ತಂದ 6.5 ಕ್ರೀಡ್‌ಮೋರ್‌ನ ಉದ್ದನೆಯ, ತೆಳುವಾದ ಗುಂಡು ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, ಒದೆತ ಕಡಿಮೆ. ಬದಲಿಗೆ ಬ್ಯಾರೆಲ್ ಬೇಗ ಸವೆಯುತ್ತದೆ. ಗುಂಡು ಉದ್ದವಾದಷ್ಟೂ ಅದನ್ನು ಹೆಚ್ಚು ಬಿಗಿಯಾಗಿ ತಿರುಗಿಸಬೇಕು, ಆದ್ದರಿಂದ ಕ್ರೀಡ್‌ಮೋರ್ ಬ್ಯಾರೆಲ್‌ಗಳ ಒಳಗಿನ ಸುರುಳಿ ಗೀರುಗಳಲ್ಲಿ ಸಾಮಾನ್ಯವಾಗಿ 8 ಇಂಚಿಗೆ ಒಂದು ಸುತ್ತು ಇರುತ್ತದೆ, .308ರಲ್ಲಿ 10 ಅಥವಾ 12 ಇಂಚಿಗೆ ಒಂದು. ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ 450 ಮೀಟರ್ ಕ್ರಮಿಸುವಷ್ಟರಲ್ಲಿ .308ರ ಗುಂಡನ್ನು ಸುಮಾರು ಅರ್ಧ ಮೀಟರ್ ಪಕ್ಕಕ್ಕೆ ತಳ್ಳುತ್ತದೆ. ಕ್ರೀಡ್‌ಮೋರ್ ಇದನ್ನು ಸಾಕಷ್ಟು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸಾವಿರ ಗಜದ ಉಕ್ಕಿನ ತಗಡಿಗೆ ಹೊಡೆಯಬಲ್ಲ ರೈಫಲ್ ಅಷ್ಟೇ ದೂರದ ಪ್ರಾಣಿಗೆ ಹೊಡೆಯಲು ಪರವಾನಗಿಯಲ್ಲ. ಬೇಟೆಯ ಗುಂಡುಗಳಲ್ಲಿ ಬಹಳಷ್ಟು ಸೆಕೆಂಡಿಗೆ ಸುಮಾರು 550 ಮೀಟರ್‌ಗಿಂತ ನಿಧಾನವಾಗಿ ತಾಗಿದರೆ ಸರಿಯಾಗಿ ಅರಳುವುದಿಲ್ಲ (ಪ್ರಾಣಿಯ ದೇಹದೊಳಗೆ ಅಗಲವಾಗುವುದಿಲ್ಲ), ಸಾಧಾರಣ .308 ಗುಂಡು ಆ ವೇಗಕ್ಕೆ ಇಳಿಯುವುದು 450 ಮೀಟರ್ ಆಸುಪಾಸಿನಲ್ಲಿ. ಅದಲ್ಲದೆ 400 ಮೀಟರ್ ಸಾಗಲು ಗುಂಡಿಗೆ ಅರ್ಧ ಸೆಕೆಂಡಿಗೂ ಹೆಚ್ಚು ಸಮಯ ಬೇಕು, ಅಷ್ಟರಲ್ಲಿ ಮೇಯುತ್ತಿರುವ ಪ್ರಾಣಿ ಒಂದು ಹೆಜ್ಜೆ ಮುಂದಿಟ್ಟರೆ ಶ್ವಾಸಕೋಶಕ್ಕೆ ತಾಗಬೇಕಿದ್ದದ್ದು ಹೊಟ್ಟೆಗೆ ತಾಗುತ್ತದೆ. ಎಂತಹ ನಿಖರ ರೈಫಲ್ ಕೂಡ ಆ ಹೆಜ್ಜೆಯನ್ನು ತಡೆಯಲಾರದು. ಬೇಟೆಗೆ 300 ಮೀಟರ್ ಮಿತಿಯನ್ನು ಹಾಕಿಕೊಳ್ಳಲು ಒಪ್ಪದವರಿಗೆ ನಾನು ಯಾವ ರೈಫಲ್ಲನ್ನೂ ಶಿಫಾರಸು ಮಾಡುವುದಿಲ್ಲ.

ಸ್ಕೋಪ್ ಬಗ್ಗೆ ಚುಟುಕಾಗಿ ಹೇಳಿದರೆ ಸಾಕು. 100 ಮೀಟರ್‌ನಲ್ಲಿ ಒಂದು ಎತ್ತರದ ಕಾಗದದ ಮೇಲೆ ತೂಗುಗುಂಡಿನ ದಾರದಿಂದ ನೇರ ಗೆರೆ ಎಳೆದು, ಬುಡಕ್ಕೆ ಗುರಿಯಿಟ್ಟು, ಸ್ಕೋಪನ್ನು 10 ಮಿಲ್ (100 ಮೀಟರ್‌ನಲ್ಲಿ ಒಂದು ಮಿಲ್ ಎಂದರೆ 10 ಸೆಂಟಿಮೀಟರ್) ಮೇಲಕ್ಕೆ ತಿರುಗಿಸಿ ಹೊಡೆಯಿರಿ. ತೂತುಗಳು ಸರಿಯಾಗಿ ಒಂದು ಮೀಟರ್ ಮೇಲೆ, ಅದೇ ಗೆರೆಯ ಮೇಲೆ ಬೀಳಬೇಕು. ಬೀಳದಿದ್ದರೆ ತಪ್ಪನ್ನು ರೈಫಲ್ ಮೇಲೆ ಹೊರಿಸಬೇಡಿ.

ಉಳಿದದ್ದು ತೂಕ. ಒಂದೇ ಕಾಡತೂಸಿಗೆ ಒದೆತದ ಶಕ್ತಿ ರೈಫಲ್‌ನ ತೂಕ ಹೆಚ್ಚಿದಂತೆ ಕಡಿಮೆಯಾಗುತ್ತದೆ. ಎಫ್-ಕ್ಲಾಸ್‌ನ ಎಫ್-ಟಿಆರ್ ವಿಭಾಗದಲ್ಲಿ ಬೈಪಾಡ್ ಸೇರಿ 8.25 ಕಿಲೋಗ್ರಾಂ ತನಕ ಅವಕಾಶವಿದೆ, ಆದರೆ ಅಷ್ಟು ಭಾರ ಹೊತ್ತು ಬೆಟ್ಟ ಹತ್ತಿದವನ ಉಸಿರು ಗುರಿಯಿಡುವ ಹೊತ್ತಿಗೆ ಸ್ಥಿಮಿತದಲ್ಲಿರುವುದಿಲ್ಲ. 3 ಕಿಲೋಗ್ರಾಂನ ರೈಫಲ್ ಹೊರಲು ಸುಖ, ಇಪ್ಪತ್ತು ಗುಂಡುಗಳ ಸರಣಿಗೆ ಸಂಕಟ. ಎರಡೂ ಕೆಲಸಕ್ಕೆ ಒಂದನ್ನೇ ಕೊಳ್ಳಲೇಬೇಕೆಂದರೆ ನನ್ನ ಆಯ್ಕೆ ಹೀಗಿದೆ: 6.5 ಕ್ರೀಡ್‌ಮೋರ್, ಮಧ್ಯಮ ದಪ್ಪದ 60 ಸೆಂಟಿಮೀಟರ್ ಆಸುಪಾಸಿನ ಬ್ಯಾರೆಲ್, ಒತ್ತಿದರೆ ಬಾಗದ ಸ್ಟಾಕ್, ಸ್ಕೋಪ್ ಸೇರಿ 4.5 ಕಿಲೋಗ್ರಾಂ ಮೀರದ ತೂಕ. ಇದು ಗುಡ್ಡದಲ್ಲಿ ಸ್ವಲ್ಪ ಭಾರವೆನಿಸುತ್ತದೆ, ಸ್ಪರ್ಧೆಯಲ್ಲಿ ಸ್ವಲ್ಪ ಹಗುರವೆನಿಸುತ್ತದೆ. ವರ್ಷದಲ್ಲಿ ಹೆಚ್ಚು ದಿನ ಬೆಂಚಿನ ಮೇಲೆಯೇ ಕಳೆಯುವವರು ಇನ್ನೂ ಒಂದು ಕಿಲೋಗ್ರಾಂ ಸೇರಿಸಿಕೊಳ್ಳಲಿ. ಬೇಟೆಯೇ ಮುಖ್ಯವಾದವರು ಬ್ಯಾರೆಲ್ಲನ್ನು ತೆಳ್ಳಗೆ ಮಾಡಿಕೊಂಡು, ಉಳಿದ ಹಣವನ್ನು ಕಾಡತೂಸುಗಳಿಗೆ ಇಟ್ಟುಕೊಳ್ಳಲಿ.