ಒಳಗೇ ಉಳಿದ ಗಾಳಿ

ಕೇಳುಗರಿಗೆ ನಮಸ್ಕಾರ. ಎಂಫಿಸೀಮಾ ಎಂಬ ಶ್ವಾಸಕೋಶದ ಕಾಯಿಲೆ ಇರುವವರು ಏದುಸಿರು ಬಿಡುತ್ತಾ ಕೂತರೆ ಮನೆಯವರು ಹೇಳುವ ಮೊದಲ ಮಾತು ಯಾವುದು ಗೊತ್ತಾ? "ಜೋರಾಗಿ ಉಸಿರು ಎಳ್ಕೊಳ್ಳಿ." ದಯವಿಟ್ಟು ಹಾಗೆ ಹೇಳಬೇಡಿ. ಪಾಪ, ಅವರು ಎಳೆದುಕೊಳ್ಳುವುದಾದರೂ ಎಲ್ಲಿಗೆ? ಎದೆ ಆಗಲೇ ಭರ್ತಿಯಾಗಿದೆ. ಹಳೆಯ ಗಾಳಿ ಹೊರಗೆ ಹೋಗಿಲ್ಲ.

ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಅವುಗಳ ಗೋಡೆಗೆ ಹಿಗ್ಗಿ ಮತ್ತೆ ಕುಗ್ಗುವ ಗುಣವಿದೆ. ಸುಮ್ನೆ ಕೂತಾಗ ಉಸಿರು ಬಿಡಲು ನಾವು ಕಷ್ಟಪಡುವುದೇ ಇಲ್ಲ ಅಲ್ವಾ? ಆ ಗೋಡೆಗಳೇ ಕುಗ್ಗಿ ಗಾಳಿಯನ್ನು ದಬ್ಬುತ್ತವೆ. ವರ್ಷಗಟ್ಟಲೆ ಹೊಗೆ ಕುಡಿದರೆ ಈ ಗೋಡೆಗಳು ಹರಿದುಹೋಗುತ್ತವೆ. ಉಸಿರು ಬಿಡುವಾಗಲೇ ಸಣ್ಣ ಕೊಳವೆಗಳು ಮುಚ್ಚಿಕೊಳ್ಳುತ್ತವೆ. ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಬಸ್ಸಿನಲ್ಲಿ ಇಳಿಯುವವರು ಇಳಿಯದೆ ಹತ್ತುವವರು ಹತ್ತುವುದು ಹೇಗೆ? ಎದೆಗೂ ಹೊಟ್ಟೆಗೂ ನಡುವೆ ಮೇಲಕ್ಕೆ ಉಬ್ಬಿರಬೇಕಾದ ವಪೆ ಚಪ್ಪಟೆಯಾಗಿ ಕೆಳಗೆ ಕೂತುಬಿಡುತ್ತದೆ. ಉಸಿರಾಟದ ಮುಖ್ಯ ಸ್ನಾಯುವೇ ಅದು. ಅದಕ್ಕೇ ಕೆಲಸ ಮಾಡಲು ಜಾಗವಿಲ್ಲ.

ಹಾಗಾದರೆ ಯಾವುದನ್ನು ಅಳೆಯಬೇಕು? ಒಳಗೇ ಉಳಿದ ಗಾಳಿಯನ್ನು. ಕೊಳವೆಗೆ ಬಾಯಿಟ್ಟು ಊದಿಸುವ ಸ್ಪೈರೋಮೆಟ್ರಿ ಪರೀಕ್ಷೆ ನಿಮಗೆ ಗೊತ್ತಿರಬಹುದು. 1846ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್ ತೋರಿಸಿಕೊಟ್ಟ ದಾರಿ ಅದು. ಒಳ್ಳೆಯ ಪರೀಕ್ಷೆಯೇ. ಆದರೆ ಅದು ಅಳೆಯುವುದು ಹೊರಗೆ ಬಂದ ಗಾಳಿಯನ್ನು. ಎಷ್ಟೇ ಊದಿದರೂ ಹೊರಗೆ ಬಾರದೆ ಉಳಿಯುವ ಗಾಳಿಗೆ ರೆಸಿಡ್ಯುಯಲ್ ವಾಲ್ಯೂಮ್ ಎನ್ನುತ್ತೇವೆ. ಆರೋಗ್ಯವಂತ ಗಂಡಸಿನ ಎದೆಯಲ್ಲಿ ಒಟ್ಟು ಸುಮಾರು 6 ಲೀಟರ್ ಗಾಳಿ ಹಿಡಿಯುತ್ತದೆ, ಅದರಲ್ಲಿ ಹೀಗೆ ಉಳಿಯುವುದು ಸುಮಾರು 1.2 ಲೀಟರ್. ಎಂಫಿಸೀಮಾ ಬಲಿತವರಲ್ಲಿ ಇದು ಎರಡು ಪಟ್ಟು ದಾಟುವುದುಂಟು.

ಇದನ್ನು ಅಳೆಯಲು ರೋಗಿಯನ್ನು ಗಾಜಿನ ಗೋಡೆಯ ಒಂದು ಪೆಟ್ಟಿಗೆಯಲ್ಲಿ ಕೂರಿಸಿ ಬಾಗಿಲು ಹಾಕುತ್ತೇವೆ. ಮೂಗಿಗೆ ಕ್ಲಿಪ್ಪು, ಬಾಯಲ್ಲಿ ಕೊಳವೆ, ಕೆನ್ನೆ ಉಬ್ಬದ ಹಾಗೆ ಎರಡೂ ಅಂಗೈಯಿಂದ ಒತ್ತಿ ಹಿಡಿದುಕೊಳ್ಳಬೇಕು. ಟಕ್ ಅಂತ ಕೊಳವೆ ಮುಚ್ಚುತ್ತದೆ. ಎರಡು ಮೂರು ಸೆಕೆಂಡು, ಅಷ್ಟೇ. ಗಾಬರಿ ಬೇಡ. ಮುಚ್ಚಿದ ಕೊಳವೆಯಲ್ಲೇ ಮೆಲ್ಲಗೆ ಉಸಿರಾಡಲು ನೋಡಬೇಕು. ಆಗ ಬಾಯಿಯಲ್ಲೂ ಪೆಟ್ಟಿಗೆಯಲ್ಲೂ ಒತ್ತಡ ಎಷ್ಟು ಬದಲಾಯಿತು ಎಂದು ನೋಡಿ ಎದೆಯ ಗಾಳಿಯ ಲೆಕ್ಕ ಹಾಕುತ್ತೇವೆ. ಗಾಳಿಯ ಜಾಗ ಹಿಗ್ಗಿದರೆ ಒತ್ತಡ ಇಳಿಯುತ್ತದೆ, ಕುಗ್ಗಿದರೆ ಏರುತ್ತದೆ ಎಂದು ಶಾಲೆಯಲ್ಲಿ ಓದಿದ ಬಾಯ್ಲ್ ನಿಯಮವೇ! ಹೀಲಿಯಂ ಅನಿಲ ಕೊಟ್ಟು ಅಳೆಯುವ ಕ್ರಮವೂ ಇದೆ, ಆದರೆ ಗಾಳಿ ಸಿಕ್ಕಿಬಿದ್ದ ಮೂಲೆಗಳಿಗೆ ಹೀಲಿಯಂ ಸರಿಯಾಗಿ ಹೋಗುವುದೇ ಇಲ್ಲ. ಲೆಕ್ಕ ಕಡಿಮೆ ಬರುತ್ತದೆ. ಪೆಟ್ಟಿಗೆಯೇ ವಾಸಿ.

ಇಲ್ಲೊಂದು ಕಥೆ ಹೇಳಲೇಬೇಕು. ನನಗೆ ಬಲು ಇಷ್ಟದ್ದು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಕೆಲವು ವೈದ್ಯರು, ಎದೆಗೂಡು ಚಿಕ್ಕದಾಗಿದೆ, ಅದಕ್ಕೇ ಉಸಿರು ಕಟ್ಟುತ್ತಿದೆ ಅಂದುಕೊಂಡು ಪಕ್ಕೆಲುಬಿನ ಮೃದ್ವಸ್ಥಿಯನ್ನೇ ಕತ್ತರಿಸಿ ಗೂಡನ್ನು ದೊಡ್ಡದು ಮಾಡಿದರು. ತುಂಬಿ ತುಳುಕುವ ಎದೆಗೆ ಇನ್ನಷ್ಟು ಜಾಗ! ಆಮೇಲೆ 1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಓಟೋ ಬ್ರಾಂಟಿಗನ್ ಎಂಬ ಶಸ್ತ್ರವೈದ್ಯರು ತಲೆಕೆಳಗಾದ ಮಾತೊಂದು ಹೇಳಿದರು. ಗೂಡು ಹಾಗೇ ಇರಲಿ, ಕೆಟ್ಟ ಶ್ವಾಸಕೋಶವನ್ನೇ ಒಂದಷ್ಟು ಕತ್ತರಿಸಿ ತೆಗೆದು ಉಳಿದದ್ದಕ್ಕೆ ಜಾಗ ಮಾಡೋಣ ಎಂದರು. ಉಸಿರಿಗೆ ಒದ್ದಾಡುವವರ ಶ್ವಾಸಕೋಶ ಕತ್ತರಿಸುವುದೇ? ಜನ ನಂಬಲಿಲ್ಲ. ಹೆಚ್ಚಿನ ರೋಗಿಗಳು ಹಗುರಾಯಿತು ಎಂದರು ನಿಜ, ಆದರೆ ಸುಮಾರು ಆರರಲ್ಲಿ ಒಬ್ಬರು ತೀರಿಕೊಂಡರು. ಬದುಕಿದವರಿಗೆ ಎಷ್ಟು ಹಗುರಾಯಿತು ಎಂದು ತೋರಿಸಲು ಕೈಯಲ್ಲಿ ಅಳತೆ ಇರಲಿಲ್ಲ. ಅಷ್ಟು ಒಳ್ಳೆಯ ಯೋಚನೆ ಮೂಲೆ ಸೇರಿತು. ಹೊಟ್ಟೆ ಉರಿಯುತ್ತದೆ ನನಗೆ!

ಸುಮಾರು 40 ವರ್ಷದ ನಂತರ ಅಮೆರಿಕದ್ದೇ ಸೇಂಟ್ ಲೂಯಿಸ್‌ನ ಶಸ್ತ್ರವೈದ್ಯ ಜೋಯಲ್ ಕೂಪರ್ ಅದನ್ನೇ ಮತ್ತೆ ಕೈಗೆತ್ತಿಕೊಂಡರು. 20 ಜನರ ಶ್ವಾಸಕೋಶದಿಂದ ಶೇಕಡಾ 20ರಿಂದ 30ರಷ್ಟು ತೆಗೆದರು. ಮುಂಚೆಯೂ ಅಳೆದರು, ಆಮೇಲೂ ಅಳೆದರು. ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ ಸರಾಸರಿ ಶೇಕಡಾ 82ರಷ್ಟು ಜಾಸ್ತಿಯಾಗಿತ್ತು. ಒಬ್ಬರೂ ಸಾಯಲಿಲ್ಲ. 1995ರಲ್ಲಿ ಇದು ಪ್ರಕಟವಾದ ಮೇಲೆ ಜಗತ್ತು ಕಿವಿಗೊಟ್ಟಿತು.

ಸಮಯ ಮುಗಿಯುತ್ತಾ ಬಂತಂತೆ, ಸನ್ನೆ ಮಾಡುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ. 1,218 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲ 2003ರಲ್ಲಿ ಬಂತು. ಶ್ವಾಸಕೋಶದ ದೊಡ್ಡ ಭಾಗಗಳಿಗೆ ಹಾಲೆ ಎನ್ನುತ್ತೇವೆ; ರೋಗ ಮುಖ್ಯವಾಗಿ ಮೇಲಿನ ಹಾಲೆಗಳಲ್ಲಿದ್ದು, ವ್ಯಾಯಾಮದ ಶಕ್ತಿ ತೀರಾ ಕುಗ್ಗಿದವರಿಗೆ ಈ ಶಸ್ತ್ರಚಿಕಿತ್ಸೆಯಿಂದ ಆಯುಷ್ಯವೂ ಹೆಚ್ಚಿತು. ಈಗ ಎದೆ ತೆರೆಯದೆಯೂ ಮಾಡಬಹುದು. ಬಾಯಿಯ ಮೂಲಕ ಸಣ್ಣ ಕೊಳವೆ ಇಳಿಸಿ, ಕೆಟ್ಟ ಹಾಲೆಯ ದಾರಿಯಲ್ಲಿ ಪುಟ್ಟ ವಾಲ್ವ್ ಕೂರಿಸುತ್ತಾರೆ. ಗಾಳಿ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಹಾಲೆ ಕುಗ್ಗುತ್ತದೆ. ಪಕ್ಕದ ಹಾಲೆಯಿಂದ ಗಾಳಿ ನುಸುಳುತ್ತಿದ್ದರೆ ಮಾತ್ರ ವಾಲ್ವ್ ಹಾಕಿಯೂ ಪ್ರಯೋಜನವಿಲ್ಲ. ಅದನ್ನು ಸಿ.ಟಿ. ಸ್ಕ್ಯಾನ್ ಮಾಡಿ ಮೊದಲೇ ನೋಡುತ್ತಾರೆ.

ಇದೆಲ್ಲಕ್ಕೂ ಮುಂಚೆ ಸಿಗರೇಟು ಬಿಡಬೇಕು. ಇನ್ಹೇಲರ್ ತಪ್ಪಿಸಬಾರದು, ಅದೂ ಸಿಕ್ಕಿಬಿದ್ದ ಗಾಳಿಯನ್ನು ಹೊರಗೆ ಬಿಡುತ್ತದೆ. ಮೆಟ್ಟಿಲಲ್ಲಿ ದಮ್ಮು ಕಟ್ಟಿದರೆ ನಿಂತುಕೊಳ್ಳಿ. ಮೂಗಿನಿಂದ ಎರಡು ಎಣಿಸುವಷ್ಟು ಎಳೆದು, ತುಟಿ ಕಿರಿದು ಮಾಡಿ ನಾಲ್ಕು ಎಣಿಸುವಷ್ಟು ನಿಧಾನವಾಗಿ ಬಿಡಿ. ವಾಲ್ವ್ ಹಾಕಿಸಿಕೊಂಡ ಮೊದಲ ದಿನಗಳಲ್ಲಿ ಎದೆ ಚುಚ್ಚಿ ನೋವು ಬಂದರೆ, ಉಸಿರು ಏಕಾಏಕಿ ಜಾಸ್ತಿ ಕಟ್ಟಿದರೆ, ಬೆಳಿಗ್ಗೆ ನೋಡೋಣ ಎನ್ನಬೇಡಿ. ಶ್ವಾಸಕೋಶದಿಂದ ಗಾಳಿ ಸೋರಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ. ನಮಸ್ಕಾರ.