ಫ್ಲೀಟ್ ಸ್ಟ್ರೀಟ್‌ನ ಕಪ್ಪು ಗಾಜಿನ ಪತ್ರಿಕಾ ಕಚೇರಿ

ದೃಶ್ಯ: ಲಂಡನ್‌ನ ಫ್ಲೀಟ್ ಸ್ಟ್ರೀಟ್. ಕಲ್ಲಿನ ಕಟ್ಟಡಗಳ ಸಾಲಿನಲ್ಲಿ ಮಿರಿಮಿರಿ ಹೊಳೆಯುವ ಒಂದು ಕಪ್ಪು ಕಟ್ಟಡ.

ಕಪ್ಪು ಗಾಜು, ದುಂಡು ಮೂಲೆ, ಕ್ರೋಮಿಯಂ ಪಟ್ಟಿ. ಮೊನ್ನೆ ಮೊನ್ನೆ ಎದ್ದ ಐಟಿ ಕಂಪನಿ ಅನಿಸುತ್ತದೆ ಅಲ್ವಾ? ಇದು ಮುಗಿದದ್ದು 1932ರಲ್ಲಿ! ಲಾರ್ಡ್ ಬೀವರ್‌ಬ್ರೂಕ್ ಒಡೆತನದ 'ಡೈಲಿ ಎಕ್ಸ್‌ಪ್ರೆಸ್' ಪತ್ರಿಕೆಯ ಕೇಂದ್ರ ಕಚೇರಿ.

ಆ ಕಾಲಕ್ಕೇ ಇಷ್ಟೊಂದು ಗಾಜು ಯಾಕೆ? ಬರೀ ಷೋಕಿ ಅಂದುಕೊಳ್ಳಬೇಡಿ. ಕಾರಣ ನೆಲಮಾಳಿಗೆಯಲ್ಲಿತ್ತು.

ದೃಶ್ಯ: ಕಟ್ಟಡದ ಅಡ್ಡ ಸೀಳಿನ ಚಿತ್ರ. ಕೆಳಗೆ ಮುದ್ರಣ ಯಂತ್ರಗಳು.

ಪತ್ರಿಕೆ ಅಚ್ಚಾಗುತ್ತಿದ್ದದ್ದು ಅಲ್ಲೇ ಕೆಳಗೆ. ಆ ದೈತ್ಯ ಯಂತ್ರಗಳಿಗೆ ಅಗಲವಾದ ಜಾಗ ಬೇಕು. ಮೊದಲ ನಕ್ಷೆಯಲ್ಲಿ ಕಂಬಗಳು ಅಡ್ಡ ಬರುತ್ತಿದ್ದವು. ಆಗ ಕರೆಸಿದ್ದು ಇಂಜಿನಿಯರ್ ಓವನ್ ವಿಲಿಯಮ್ಸ್ ಅವರನ್ನು. ಅವರು ಇಡೀ ಭಾರವನ್ನು ಕಾಂಕ್ರೀಟ್ ಚೌಕಟ್ಟಿನ ಮೇಲೆ ಹಾಕಿದರು. ಹೊರಗೋಡೆ ಏನನ್ನೂ ಹೊರಬೇಕಿಲ್ಲ ಅಂದಮೇಲೆ ಕಲ್ಲು ಯಾಕೆ? ಗಾಜನ್ನೇ ಪರದೆಯಂತೆ ಇಳಿಬಿಟ್ಟರು. ಇವತ್ತು ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲಿ ಕಾಣುವುದೂ ಇದೇ ಲೆಕ್ಕಾಚಾರ.

ದೃಶ್ಯ: ಬೆಳ್ಳಿ-ಬಂಗಾರದ ಬಣ್ಣದ ಲಾಬಿ, ಸುರುಳಿ ಮೆಟ್ಟಿಲು.

ಲಾಬಿಯ ವಿನ್ಯಾಸ ರಾಬರ್ಟ್ ಅಟ್ಕಿನ್ಸನ್ ಅವರದು. ಗೋಡೆಯ ಉಬ್ಬುಚಿತ್ರಗಳು ಎರಿಕ್ ಒಮೊನಿಯರ್ ಅವರವು. ಒಂದು ಕಡೆ ಬ್ರಿಟನ್, ಇನ್ನೊಂದು ಕಡೆ ಅದರ ಸಾಮ್ರಾಜ್ಯ. ಆ ಸಾಮ್ರಾಜ್ಯದ ಲೆಕ್ಕದಲ್ಲಿ ಆಗ ನಾವೂ ಇದ್ದೆವು, ಬಿಡಿ.

ಫ್ಲೀಟ್ ಸ್ಟ್ರೀಟ್ ಅಂದರೆ ಆಗ ಪತ್ರಿಕೆಗಳ ಬೀದಿ. 1986ರಲ್ಲಿ ಪತ್ರಿಕಾ ದೊರೆ ರೂಪರ್ಟ್ ಮುರ್ಡೋಕ್ ತಮ್ಮ ಪತ್ರಿಕೆಗಳನ್ನು ಪೂರ್ವ ಲಂಡನ್‌ನ ವಾಪಿಂಗ್‌ಗೆ ಸಾಗಿಸಿದರು. ಕಂಪ್ಯೂಟರ್ ಬಂತು, ಅಚ್ಚುಮೊಳೆ ಜೋಡಿಸುವವರ ಕೆಲಸ ಹೋಯಿತು. ಒಂದೊಂದೇ ಪತ್ರಿಕೆ ಬೀದಿ ಬಿಟ್ಟಿತು. ಎಕ್ಸ್‌ಪ್ರೆಸ್ ಹೊರಟದ್ದು 1989ರಲ್ಲಿ.

ಕಟ್ಟಡವನ್ನು ಕೆಡವುವ ಹಾಗಿರಲಿಲ್ಲ. 1972ರಲ್ಲೇ ಸಂರಕ್ಷಿತ ಪಟ್ಟಿಗೆ ಸೇರಿತ್ತು. ಹಾಗಾಗಿ ಮುಂಭಾಗ ಮತ್ತು ಲಾಬಿಯನ್ನು ಉಳಿಸಿ ದುರಸ್ತಿ ಮಾಡಿದರು. ಹಿಂಬದಿಯಲ್ಲಿ, ಹಳೆಯ ಮುದ್ರಣಾಲಯದ ಜಾಗದಲ್ಲಿ ಹೊಸ ಆಫೀಸು ಎದ್ದಿತು. ಬಂದವರು ಯಾರು? ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನವರು! ವರದಿಗಾರರು ಓಡಾಡಿದ ಜಾಗದಲ್ಲಿ ಷೇರು, ಸಾಲ, ಬಡ್ಡಿಯ ಮಾತು.

ನನ್ನ ತಕರಾರು ಒಂದೇ. ಅಷ್ಟು ಚಂದದ ಲಾಬಿ ಜನರಿಗೆ ವರ್ಷವಿಡೀ ಮುಚ್ಚಿಯೇ ಇತ್ತು. ಲಂಡನ್‌ನ ಕಟ್ಟಡಗಳನ್ನು ವರ್ಷಕ್ಕೊಮ್ಮೆ ಜನರಿಗೆ ತೆರೆದಿಡುವ 'ಓಪನ್ ಹೌಸ್' ದಿನಗಳಲ್ಲಿ ಕಾದು ನಿಂತರಷ್ಟೇ ದರ್ಶನ. ಉಳಿಸಿದ್ದು ಯಾರಿಗೋಸ್ಕರ ಅಂತ ಕೇಳಬೇಕಲ್ವಾ?

ದೃಶ್ಯ: ಹೊಸ ಗೋಪುರದ ನಕ್ಷೆ.

2019ರಲ್ಲಿ ಬ್ಯಾಂಕ್ ಹತ್ತಿರದ ಹೊಸ ಕಚೇರಿಗೆ ಹೋಯಿತು. ಆಮೇಲೆ ಹಿಂಬದಿಯ ಆಫೀಸನ್ನೇ ಕೆಡವಿ 21 ಮಹಡಿಯ ಗೋಪುರ ಕಟ್ಟುವ ಯೋಜನೆ ಬಂತು. 1932ರ ಕಟ್ಟಡ ಉಳಿಯುತ್ತದೆ, ಅದರ ಬೆನ್ನಿಗೆ ಕಟ್ಟಿದ ಆಧುನಿಕ ಆಫೀಸು ಹೋಗುತ್ತದೆ. ಲಾಬಿಯನ್ನು ಜನರಿಗೆ ತೆರೆಯುವುದೂ ಆ ಯೋಜನೆಯಲ್ಲಿದೆ.