ಬೋಳುಗುಡ್ಡದ ಮೇಲೊಂದು ಮೆಡಿಕಲ್ ಕಾಲೇಜು

ಕೇಳುಗರಿಗೆ ನಮಸ್ಕಾರ.

ಮಣಿಪಾಲ ಅಂದ ಕೂಡಲೇ ಇವತ್ತು ನೆನಪಾಗುವುದು ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆ, ಬೇರೆ ಬೇರೆ ರಾಜ್ಯದಿಂದ ಬಂದ ಹುಡುಗ ಹುಡುಗಿಯರು, ಅಲ್ವಾ? 1950ರ ಹೊತ್ತಿಗೆ ಅದು ಉಡುಪಿಯ ಪಕ್ಕದ ಬೋಳುಗುಡ್ಡ. ಮುರಕಲ್ಲು, ಮುಳಿಹುಲ್ಲು, ಮಣ್ಣಪಳ್ಳ ಎಂಬ ಕೆರೆ. ಆ ಕೆರೆಯಿಂದಲೇ ಊರಿಗೆ ಹೆಸರು ಬಂತು ಎನ್ನುತ್ತಾರೆ.

1953ರಲ್ಲಿ ಡಾಕ್ಟರ್ ಟಿ.ಎಂ.ಎ. ಪೈ ಅಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಖಾಸಗಿಯವರು ಮೆಡಿಕಲ್ ಕಾಲೇಜು ನಡೆಸುವುದು ಆಗ ತೀರಾ ಅಪರೂಪ. ಆದರೆ ಪೈಯವರಿಗೆ ಸಣ್ಣ ದುಡ್ಡನ್ನು ಕೂಡಿಸಿ ದೊಡ್ಡ ಕೆಲಸ ಮಾಡುವುದು ಗೊತ್ತಿತ್ತು. 1925ರಲ್ಲಿ ಬ್ಯಾಂಕು ಕಟ್ಟಿದವರಲ್ಲಿ ಅವರೂ ಒಬ್ಬರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಎಂಬ ದಿನದಿನದ ಉಳಿತಾಯ ಯೋಜನೆ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬರುತ್ತಿದ್ದರು.

ಕಾಲೇಜಿನ ಕಟ್ಟಡವನ್ನು ದುಡ್ಡಿದ್ದರೆ ಕಟ್ಟಬಹುದು. ರೋಗಿಗಳನ್ನು ಎಲ್ಲಿಂದ ತರುವುದು? ಹಾಸಿಗೆಯ ಪಕ್ಕ ನಿಂತು ಕಲಿಯದೆ ಯಾರೂ ಡಾಕ್ಟರ್ ಆಗುವುದಿಲ್ಲ. ಗುಡ್ಡದ ಮೇಲೆ ದೊಡ್ಡ ಆಸ್ಪತ್ರೆಯೇ ಇರಲಿಲ್ಲ. ಸುಮಾರು 60 ಕಿಲೋಮೀಟರ್ ದೂರದ ಮಂಗಳೂರಿನಲ್ಲಿ ವೆನ್ಲಾಕ್ ಆಸ್ಪತ್ರೆ ಇತ್ತು. ಅದು ಸರ್ಕಾರದ್ದು, ಬಡವರ ಆಸ್ಪತ್ರೆ. 1955ರಲ್ಲಿ ಸರ್ಕಾರದ ಜೊತೆ ಮಾತಾಗಿ, ಅಲ್ಲಿನ ವಾರ್ಡುಗಳೇ ವಿದ್ಯಾರ್ಥಿಗಳ ಪಾಠಶಾಲೆಯಾದವು. ಮೊದಲ ಪಾಠಗಳು ಮಣಿಪಾಲದಲ್ಲಿ, ರೋಗಿಯ ಬಳಿಯ ಕಲಿಕೆ ಮಂಗಳೂರಿನಲ್ಲಿ. ನನ್ನ ಮಟ್ಟಿಗೆ ಮಣಿಪಾಲದ ಅತಿ ದೊಡ್ಡ ಮೈಲಿಗಲ್ಲು ಇದೇ. ಹುಡುಗರಿಗೆ ವಿದ್ಯೆ ಸಿಕ್ಕಿತು, ಬಡ ರೋಗಿಗಳನ್ನು ನೋಡಿಕೊಳ್ಳಲು ಹೆಚ್ಚು ಕೈಗಳು ಸಿಕ್ಕವು.

ಆಮೇಲೆ ಕೆಲಸ ಬೇಗ ಬೇಗ ಸಾಗಿತು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1961ರಲ್ಲಿ ಮಣಿಪಾಲದಲ್ಲೇ ಸ್ವಂತ ಆಸ್ಪತ್ರೆ, 1965ರಲ್ಲಿ ಡೆಂಟಲ್ ಕಾಲೇಜು.

ಮಣಿಪಾಲದ್ದು ಓದಲು ಬಂದವರಿಂದಲೇ ಹಣ ಪಡೆದು ಕಾಲೇಜು ನಡೆಸುವ ದಾರಿ. ದುಡ್ಡಿಲ್ಲದ ಜಾಣ ಹುಡುಗ ಏನು ಮಾಡಬೇಕು ಎಂದು ಜನ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಖಾಸಗಿ ಕಾಲೇಜುಗಳ ಹಕ್ಕು, ಫೀಸು, ಸೀಟುಗಳ ಬಗ್ಗೆ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ತೀರ್ಪು ಕೊಟ್ಟರಲ್ಲ, ಆ ಮೊಕದ್ದಮೆಗೂ ಟಿ.ಎಂ.ಎ. ಪೈ ಪ್ರತಿಷ್ಠಾನದ್ದೇ ಹೆಸರು.

ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿದ್ದು 1993ರಲ್ಲಿ. ಪೈಯವರು ಅದನ್ನು ನೋಡಲಿಲ್ಲ, 1979ರಲ್ಲೇ ತೀರಿಕೊಂಡಿದ್ದರು. ಆದರೆ ವೆನ್ಲಾಕಿನ ವಾರ್ಡುಗಳಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಹುಡುಗರು ಇವತ್ತಿಗೂ ಕಲಿಯುತ್ತಿದ್ದಾರೆ.

ನಮಸ್ಕಾರ.